ಗಣಕದ ಕೆರೆಗೊಬ್ಬ ನೀರುಗಂಟಿ

ಟೆಲಿವಿಷನ್ನಿನಲ್ಲಿ ಒಂದು ಕಾರ್ಯಕ್ರಮ ಮುಗಿದ ಕೂಡಲೇ ಹೆಸರುಗಳು ಸಾಲುಸಾಲಾಗಿ ಪರದೆಯ ಮೇಲೇರುತ್ತವೆ. ನಿರೂಪಣೆ ಇಂಥವರದು, ಛಾಯಾಗ್ರಹಣ ಇಂಥವರದು, ಸಂಕಲನ, ಧ್ವನಿಗ್ರಹಣ, ಪ್ರಸಾಧನ, ಕೊನೆಯಲ್ಲಿ ನಿರ್ಮಾಣ. ಆ ಕೊನೆಯ ಸಾಲಿನಲ್ಲಿ ನನ್ನ ಹೆಸರು ಎಷ್ಟೋ ಸಲ ಬಂದಿದೆ. ಆದರೆ ಆ ಪಟ್ಟಿಯಲ್ಲಿ ಎಂದೂ ಕಾಣಿಸಿಕೊಳ್ಳದ ಒಬ್ಬರಿದ್ದಾರೆ. ಹವಾನಿಯಂತ್ರಿತ ಕೋಣೆಯೊಂದರಲ್ಲಿ, ಸದಾ ಗುಂಯ್‌ಗುಡುವ ಯಂತ್ರಗಳ ನಡುವೆ, ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳನ್ನು ನೋಡುತ್ತ ಕುಳಿತಿರುತ್ತಾರೆ. ಇಂಗ್ಲಿಷಿನಲ್ಲಿ ಅವರಿಗೆ ಸಿಸ್ಟಂ ಅಡ್ಮಿನಿಸ್ಟ್ರೇಟರ್ ಎಂದು ಹೆಸರು. ಕನ್ನಡದಲ್ಲಿ ಗಣಕ ವ್ಯವಸ್ಥಾಪಕರು ಎನ್ನಬಹುದು. ಎಲ್ಲವೂ ಸರಿಯಾಗಿ ನಡೆಯುತ್ತಿರುವಾಗ ಅವರನ್ನು ಯಾರೂ ಕೇಳುವುದಿಲ್ಲ. ಏನಾದರೂ ನಿಂತಾಗ ಎಲ್ಲರೂ ಅವರನ್ನೇ ಕೇಳುತ್ತಾರೆ.

ಹಳೆಯ ಮೈಸೂರು ಸೀಮೆಯ ಕೆರೆಗಳಿಗೆ ನೀರುಗಂಟಿ ಎಂಬೊಬ್ಬ ಇರುತ್ತಿದ್ದುದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ತೂಬು ಎತ್ತುವವನೂ ಅವನೇ, ಇಳಿಸುವವನೂ ಅವನೇ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಕಾಲುವೆ ಎಲ್ಲಿ ಕಟ್ಟಿಕೊಂಡಿದೆ, ಏರಿಯಲ್ಲಿ ಎಲ್ಲಿ ಏಡಿ ಬಿಲ ತೋಡಿದೆ, ಇವೆಲ್ಲ ಅವನ ಲೆಕ್ಕ. ಸುಗ್ಗಿಯಲ್ಲಿ ಕಣದ ಬಳಿ ಅವನ ಪಾಲಿನ ಧಾನ್ಯ ಅವನಿಗೆ ಸಲ್ಲುತ್ತಿತ್ತು. ನಮ್ಮ ಸರ್ವರ್ ಕೋಣೆಯ ಮಿತ್ರರನ್ನು ಕಂಡಾಗಲೆಲ್ಲ ನನಗೆ ನೆನಪಾಗುವುದು ಈ ನೀರುಗಂಟಿಯೇ. ನಾನು ಈ ವೃತ್ತಿಗೆ ಬಂದಾಗ ಕಾರ್ಯಕ್ರಮ ಎಂದರೆ ಟೇಪು. ಕೈಯಲ್ಲಿ ಹಿಡಿಯಬಹುದಿತ್ತು, ಬೀರುವಿನಲ್ಲಿ ಬೀಗ ಹಾಕಿಡಬಹುದಿತ್ತು. ಈಗ ಕಾರ್ಯಕ್ರಮ ಎಂದರೆ ಒಂದು ಕಡತ. ಅದು ಎಲ್ಲಿದೆ ಎಂದು ಕೇಳಿದರೆ ನನ್ನಂಥ ನಿರ್ಮಾಪಕಿ ಗೋಡೆಯಾಚೆಯ ಕೋಣೆಯತ್ತ ಕೈ ತೋರಿಸಬಹುದು, ಅಷ್ಟೇ. ವಿಜ್ಞಾನ ಓದಿದವಳಾದ್ದರಿಂದ ಅಷ್ಟಕ್ಕೆ ಸುಮ್ಮನಾಗಲು ಮನಸ್ಸು ಬರಲಿಲ್ಲ. ಆ ಕೋಣೆಗೆ ಹೋಗಿ ಕುಳಿತು, ಕೇಳಿ, ಆಮೇಲೆ ಓದಿ ತಿಳಿದುಕೊಂಡ ಕೆಲವು ಸಂಗತಿಗಳನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಆ ಯಂತ್ರಗಳನ್ನು ನಡೆಸುವ ತಂತ್ರಾಂಶದ ಹೆಸರು ಲಿನಕ್ಸ್. ಅದರ ಕಥೆ ನಿಮಗೆ ಸ್ವಲ್ಪವಾದರೂ ಗೊತ್ತಿರಬೇಕು. 1991ರ ಆಗಸ್ಟ್ 25ರಂದು ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್, ಆಗ ವಯಸ್ಸು 21, ತಾನೊಂದು ಕಾರ್ಯಾಚರಣ ವ್ಯವಸ್ಥೆ ಬರೆಯುತ್ತಿದ್ದೇನೆ, ಹವ್ಯಾಸಕ್ಕಾಗಿ ಅಷ್ಟೇ, ದೊಡ್ಡದೇನೂ ಆಗಲಾರದು ಎಂದು ಪ್ರಕಟಿಸಿದ. ಮಾದರಿಯಾಗಿದ್ದದ್ದು ಯುನಿಕ್ಸ್, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ 1969ರಿಂದ ಕಟ್ಟುತ್ತ ಬಂದದ್ದು. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಆರಂಭಿಸಿದ ಗ್ನು ಯೋಜನೆ ಬೇಕಾದ ಉಪಕರಣಗಳನ್ನು ಆಗಲೇ ಸಿದ್ಧಪಡಿಸಿತ್ತು. 1992ರಲ್ಲಿ ಲೀನಸ್ ತನ್ನ ತಂತ್ರಾಂಶವನ್ನು ಅದೇ ಯೋಜನೆಯ ಸಾರ್ವಜನಿಕ ಪರವಾನಗಿಯ ಅಡಿಯಲ್ಲಿ ಬಿಟ್ಟುಕೊಟ್ಟ. ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು. ತಿದ್ದಿ ಹಂಚಿದವರು ತಿದ್ದುಪಡಿಯನ್ನೂ ಬಚ್ಚಿಡದೆ ಹಂಚಬೇಕು. 2017ರ ನವೆಂಬರಿನಿಂದ ಜಗತ್ತಿನ ಮೊದಲ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ ಲಿನಕ್ಸ್ ಬಿಟ್ಟು ಬೇರೆಯದು ಇಲ್ಲ. ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ದೂರವಾಣಿಯ ಒಳಗಿರುವುದೂ ಅದೇ. 2021ರ ಏಪ್ರಿಲಿನಲ್ಲಿ ಮಂಗಳ ಗ್ರಹದ ಮೇಲೆ ಹಾರಿದ ಪುಟ್ಟ ಹೆಲಿಕಾಪ್ಟರ್ ಇಂಜೆನ್ಯುಯಿಟಿಯಲ್ಲೂ ಅದೇ ಇತ್ತು. ಹವ್ಯಾಸ ಅಂದರೆ ಹೀಗಿರಬೇಕು!

ಇನ್ನು ದಿನನಿತ್ಯದ ಮಾತಿಗೆ ಬರೋಣ. ಗಣಕ ವ್ಯವಸ್ಥಾಪಕರ ಬೆಳಗು ಸಾಮಾನ್ಯವಾಗಿ ಶುರುವಾಗುವುದು ಜಾಗದ ಲೆಕ್ಕದಿಂದ. ಡಿಎಫ್ ಎಂಬ ಎರಡಕ್ಷರದ ಆಜ್ಞೆ ಕೊಟ್ಟರೆ ಡಿಸ್ಕು ಎಷ್ಟು ತುಂಬಿದೆ ಎಂದು ಹೇಳುತ್ತದೆ. ಡಿಯು ಎಂಬ ಇನ್ನೊಂದು ಆಜ್ಞೆ ಯಾವ ಕಡತಕೋಶ ಎಷ್ಟು ಜಾಗ ತಿಂದಿದೆ ಎಂದು ಕೂಡಿ ಹೇಳುತ್ತದೆ. ಎರಡೂ ತಾಳೆಯಾಗಬೇಕಲ್ಲವೇ? ಒಮ್ಮೊಮ್ಮೆ ಆಗುವುದಿಲ್ಲ. ಡಿಸ್ಕು ಪೂರ್ತಿ ತುಂಬಿದೆ ಎಂದು ಒಂದು ಹೇಳಿದರೆ, ಅರ್ಧವೂ ಇಲ್ಲ ಎಂದು ಇನ್ನೊಂದು. ಹೊಸಬರು ಇಲ್ಲಿ ಗಾಬರಿಯಾಗಿ ಸಿಕ್ಕಿದ್ದನ್ನು ಅಳಿಸತೊಡಗುತ್ತಾರೆ. ಅಳಿಸಿದಷ್ಟೂ ಜಾಗ ಮಾತ್ರ ಬರುವುದಿಲ್ಲ!

ಕಾರಣ ಸೊಗಸಾಗಿದೆ. ಲಿನಕ್ಸಿನಲ್ಲಿ ಕಡತವನ್ನು ಅಳಿಸುವುದೆಂದರೆ ಗ್ರಂಥಾಲಯದ ಪಟ್ಟಿಯಿಂದ ಪುಸ್ತಕದ ಚೀಟಿಯನ್ನು ಕಿತ್ತುಹಾಕಿದಂತೆ. ಪುಸ್ತಕವನ್ನು ಒಬ್ಬ ಓದುಗ ಆಗಲೇ ತೆಗೆದುಕೊಂಡು ಮೂಲೆಯಲ್ಲಿ ಕುಳಿತು ಓದುತ್ತಿದ್ದರೆ? ಚೀಟಿ ಇಲ್ಲ, ಆದರೆ ಪುಸ್ತಕ ಇದೆ, ಕುರ್ಚಿಯೂ ತುಂಬಿದೆ. ಅವನು ಎದ್ದು ಹೋದ ಮೇಲೆಯೇ ಜಾಗ ಖಾಲಿ. ಹಾಗೆಯೇ ಯಾವುದೋ ತಂತ್ರಾಂಶ ಒಂದು ದೊಡ್ಡ ದಿನಚರಿ ಕಡತವನ್ನು ತೆರೆದಿಟ್ಟುಕೊಂಡು ಬರೆಯುತ್ತಿರುವಾಗ ನೀವದನ್ನು ಅಳಿಸಿದರೆ, ಹೆಸರು ಮಾಯವಾಗುತ್ತದೆ, ಜಾಗ ಬರುವುದಿಲ್ಲ. ಹಿಡಿದುಕೊಂಡಿರುವವರು ಯಾರೆಂದು ತೋರಿಸಲು ಎಲ್‌ಎಸ್‌ಒಎಫ್ ಎಂಬ ಉಪಕರಣವಿದೆ. ಆ ಒಂದು ತಂತ್ರಾಂಶವನ್ನು ನಿಲ್ಲಿಸಿ ಮತ್ತೆ ಶುರುಮಾಡಿದರೆ ಡಿಸ್ಕು ತಟ್ಟನೆ ಹಗುರ. ಇಡೀ ಯಂತ್ರವನ್ನು ಆರಿಸಿ ಹೊತ್ತಿಸಿದರೂ ಅದೇ ಫಲ ಸಿಗುತ್ತದೆ. ಆದರೆ ಏಕೆ ಸರಿಹೋಯಿತೆಂದು ತಿಳಿಯದೆ ಮುಂದಿನ ತಿಂಗಳು ಅದೇ ಪಾಡು.

ಜಾಗವಿದ್ದೂ ಬರೆಯಲಾಗದ ಸ್ಥಿತಿ ಒಂದುಂಟು. ಪ್ರತಿ ಕಡತಕ್ಕೂ ಐನೋಡ್ ಎಂಬ ಒಂದು ಚೀಟಿ ಬೇಕು. ಡಿಸ್ಕನ್ನು ಸಿದ್ಧಪಡಿಸುವಾಗಲೇ ಚೀಟಿಗಳ ಸಂಖ್ಯೆ ನಿಗದಿಯಾಗಿರುವುದೇ ಹೆಚ್ಚು. ಲಕ್ಷಾಂತರ ಚಿಲ್ಲರೆ ಕಡತಗಳು ಸೇರಿಕೊಂಡರೆ ಚೀಟಿ ಮುಗಿಯುತ್ತದೆ, ಜಾಗ ಉಳಿದಿರುತ್ತದೆ. ಬಸ್ಸಿನಲ್ಲಿ ಸೀಟಿದೆ, ಕಂಡಕ್ಟರ್ ಬಳಿ ಟಿಕೆಟ್ ಪುಸ್ತಕ ಮುಗಿದಿದೆ ಎಂದುಕೊಳ್ಳಿ.

ತೊಂದರೆ ಬಂದಾಗ ಈ ಜನ ಮೊದಲು ಕೇಳುವ ಪ್ರಶ್ನೆ: ಏನು ಬದಲಾಯಿತು? ನಿನ್ನೆಯವರೆಗೆ ನಡೆಯುತ್ತಿತ್ತು, ಇಂದು ನಡೆಯುತ್ತಿಲ್ಲ ಎಂದರೆ ನಡುವೆ ಯಾರೋ ಏನೋ ಮುಟ್ಟಿರಬೇಕು. 'ನಾವೇನೂ ಮಾಡಿಲ್ಲ' ಎಂಬ ಉತ್ತರ ಎಲ್ಲ ಕಚೇರಿಗಳಲ್ಲೂ ಒಂದೇ. ಇದಕ್ಕೆ ಆ ವೃತ್ತಿಯವರೆಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಒಂದು ಕಥೆಯಿದೆ. ಹೇಳಿದವರು ಟ್ರೇ ಹ್ಯಾರಿಸ್, ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ಮಿಂಚಂಚೆ ವ್ಯವಸ್ಥೆ ನೋಡಿಕೊಳ್ಳುತ್ತಿದ್ದವರು. ಯಂತ್ರ ಲಿನಕ್ಸ್ ಅಲ್ಲ, ಅದರ ದಾಯಾದಿ ಸನ್ ಯುನಿಕ್ಸ್. 2002ರಲ್ಲಿ ಅವರು ಇದನ್ನು ಬರೆದರು. ಸ್ವಾರಸ್ಯಕ್ಕಾಗಿ ಕೆಲವು ಬೇಡದ ವಿವರಗಳನ್ನು ಮಾರ್ಪಡಿಸಿದ್ದೇನೆ ಎಂದು ತಾವೇ ಹೇಳಿಕೊಂಡಿದ್ದಾರೆ.

ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರು ಒಂದು ದಿನ ಫೋನು ಮಾಡಿದರಂತೆ: ನಮ್ಮಿಂದ 500 ಮೈಲಿಗಿಂತ ದೂರಕ್ಕೆ ಮಿಂಚಂಚೆ ಹೋಗುತ್ತಿಲ್ಲ. ಹ್ಯಾರಿಸರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪತ್ರಕ್ಕೆ ಮೈಲಿಗಲ್ಲು ಕಾಣುತ್ತದೆಯೇ? ಆದರೆ ದೂರು ಕೊಟ್ಟವರು ಸಂಖ್ಯಾಶಾಸ್ತ್ರಜ್ಞರು. ಎಲ್ಲಿಗೆ ಹೋಗುತ್ತದೆ, ಎಲ್ಲಿಗೆ ಹೋಗುವುದಿಲ್ಲ ಎಂದು ದಿನಗಟ್ಟಲೆ ಅಂಕಿಅಂಶ ಸಂಗ್ರಹಿಸಿಯೇ ಫೋನು ಮಾಡಿದ್ದರು. ಹ್ಯಾರಿಸ್ ತಾವೇ ಪರೀಕ್ಷಿಸಿದರು. ಹತ್ತಿರದ ಊರುಗಳಿಗೆ ಹೋಯಿತು. ದೂರದವಕ್ಕೆ ಹೋಗಲಿಲ್ಲ. ಗೆರೆ ಎಳೆದಂತೆ 500 ಮೈಲಿ!

ಏನು ಬದಲಾಗಿತ್ತು? ಹೊರಗಿನ ತಜ್ಞನೊಬ್ಬ ಬಂದು ಯಂತ್ರದ ಕಾರ್ಯಾಚರಣ ವ್ಯವಸ್ಥೆಯನ್ನು ನವೀಕರಿಸಿ ಹೋಗಿದ್ದ. ಆಗ ಮಿಂಚಂಚೆ ಕಳಿಸುವ ತಂತ್ರಾಂಶ ಮಾತ್ರ ಹಳೆಯ ಆವೃತ್ತಿಗೆ ಇಳಿದುಬಿಟ್ಟಿತ್ತು. ಹಳೆಯದಕ್ಕೆ ಹೊಸ ಸೂಚನಾ ಕಡತದ ಭಾಷೆ ಅರ್ಥವಾಗಲಿಲ್ಲ. ಆಚೆಯ ಯಂತ್ರ ಓಗೊಡಲು ಎಷ್ಟು ಹೊತ್ತು ಕಾಯಬೇಕು ಎಂಬ ಜಾಗದಲ್ಲಿ ಅದು ಸೊನ್ನೆ ಎಂದು ತಿಳಿಯಿತು. ಆ ಯಂತ್ರದಲ್ಲಿ ಸೊನ್ನೆ ಎಂದರೆ ಕಾರ್ಯತಃ ಮೂರು ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ಈಗ ಪಿಯುಸಿ ಭೌತಶಾಸ್ತ್ರ ನೆನಪಿಸಿಕೊಳ್ಳಿ. ಬೆಳಕು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರು ಓಡುತ್ತದೆ. ಮೂರು ಮಿಲಿಸೆಕೆಂಡಿನಲ್ಲಿ 900 ಕಿಲೋಮೀಟರು, ಅಂದರೆ ಸುಮಾರು 560 ಮೈಲಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಬೆಂಗಳೂರಿನಿಂದ ಹಾರುವ ಹಕ್ಕಿಯ ದಾರಿಯಲ್ಲಿ ಮುಂಬಯಿ ಮುಟ್ಟೀತು, ದೆಹಲಿ ಮುಟ್ಟಲಾರದು. ಹೋಗಿ ಬರುವ ಎರಡೂ ದಾರಿ ಲೆಕ್ಕ ಹಾಕಬೇಡವೇ ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಕೇಳಬೇಕಾದ ಪ್ರಶ್ನೆಯೇ! ಕಥೆಯ ಅಂಚುಗಳನ್ನು ಉಜ್ಜಿ ನಯಮಾಡಲಾಗಿದೆ ಎಂದು ಆಗಲೇ ಹೇಳಿದೆನಲ್ಲ. ನನಗೆ ಇಷ್ಟವಾದದ್ದು ದೂರು ಕೊಟ್ಟವರ ಶಿಸ್ತು. 'ಮೇಲ್ ಕೆಲಸ ಮಾಡ್ತಿಲ್ಲ' ಎಂದು ಕೂಗಿ ಫೋನು ಇಡಬಹುದಿತ್ತು. ಅವರು ಎಣಿಸಿ, ಅಳೆದು ಹೇಳಿದರು. ನೀವು ಯಾವುದೇ ರಿಪೇರಿಯವರನ್ನು ಕರೆಯುವಾಗ, ಯಾವಾಗಿನಿಂದ, ಯಾವಾಗೆಲ್ಲ, ಪರದೆಯ ಮೇಲೆ ಬಂದ ಮಾತು ಅಕ್ಷರಶಃ ಏನು ಎಂದು ಬರೆದಿಟ್ಟುಕೊಂಡು ಕರೆದರೆ ಅರ್ಧ ರಿಪೇರಿ ಆದಂತೆ.

ಈಗ ಸ್ವಲ್ಪ ಭಯದ ಮಾತು. ಲಿನಕ್ಸಿನಲ್ಲಿ ಅಳಿಸುವ ಆಜ್ಞೆ ಆರ್‌ಎಂ. ಕಸದ ಬುಟ್ಟಿ ಎಂಬುದಿಲ್ಲ, 'ನಿಜವಾಗಿಯೂ ಅಳಿಸಲೇ?' ಎಂಬ ವಿನಯವೂ ಸಾಮಾನ್ಯವಾಗಿ ಇಲ್ಲ. ಅದಕ್ಕೆ ಎರಡು ಬಾಲಗಳನ್ನು ಜೋಡಿಸಿದರೆ ಒಳಗಿನ ಕೋಶ, ಅದರೊಳಗಿನ ಕೋಶ ಎಂದು ಬುಡದವರೆಗೂ ಬಾಯಿ ಬಿಡದೆ ಅಳಿಸುತ್ತ ಹೋಗುತ್ತದೆ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ಟಾಯ್ ಸ್ಟೋರಿ 2 ಎಂಬ ಆನಿಮೇಷನ್ ಚಿತ್ರ ತಯಾರಾಗುತ್ತಿತ್ತು. ಚಿತ್ರದ ಕಡತಗಳೆಲ್ಲ ಇದ್ದ ಕೋಶದಲ್ಲಿ ಯಾರೋ ಈ ಆಜ್ಞೆ ಕೊಟ್ಟರು. ತಂತ್ರಜ್ಞರು ಪರದೆಯಲ್ಲಿ ಒಂದು ಪಾತ್ರದ ಕಡತಗಳನ್ನು ನೋಡುತ್ತಿದ್ದಂತೆಯೇ ಟೋಪಿ ಹೋಯಿತು, ಬೂಟು ಹೋಯಿತು, ಪಾತ್ರವೇ ಹೋಯಿತು. ಯಂತ್ರದ ಪ್ಲಗ್ ಕಿತ್ತುಹಾಕಿ ಎಂದು ಫೋನಿನಲ್ಲಿ ಕೂಗಿದರು. ಅಷ್ಟರಲ್ಲಿ ಚಿತ್ರದ ಸುಮಾರು ಶೇಕಡಾ 90ರಷ್ಟು ಇಲ್ಲವಾಗಿತ್ತು ಎಂದು ಸಂಸ್ಥೆಯ ಮುಖ್ಯಸ್ಥರಾಗಿದ್ದ ಎಡ್ ಕ್ಯಾಟ್ಮಲ್ ಬರೆದಿದ್ದಾರೆ.

ಪ್ರತಿ ಇರಲಿಲ್ಲವೇ? ಇತ್ತು. ತೆಗೆದು ನೋಡಿದರೆ ಆ ಬ್ಯಾಕಪ್ ಸರಿಯಾಗಿ ಬರೆಯಲ್ಪಟ್ಟಿರಲೇ ಇಲ್ಲ. ಆಗ ಗ್ಯಾಲಿನ್ ಸಸ್‌ಮನ್ ಎಂಬ ತಾಂತ್ರಿಕ ನಿರ್ದೇಶಕಿ, ತಮ್ಮ ಮನೆಯಲ್ಲೊಂದು ಪ್ರತಿ ಇರಬಹುದು ಎಂದು ನೆನಪಿಸಿಕೊಂಡರು. ಅವರು ಬಾಣಂತಿ, ಎಳೆ ಮಗುವಿನೊಡನೆ ಮನೆಯಿಂದಲೇ ಕೆಲಸ ಮಾಡಲು ಒಂದು ಯಂತ್ರ ತರಿಸಿಕೊಂಡಿದ್ದರು. ಆ ಯಂತ್ರಕ್ಕೆ ಕಂಬಳಿ ಹೊದಿಸಿ, ಕಾರಿನ ಹಿಂಬದಿಯ ಸೀಟಿನಲ್ಲಿಟ್ಟು, ಮೆಲ್ಲನೆ ಓಡಿಸಿಕೊಂಡು ಬಂದರಂತೆ. ಚಿತ್ರ ಉಳಿಯಿತು. ಕಥೆ ಹಿಡಿಸಲಿಲ್ಲವೆಂದು ಆ ಚಿತ್ರದ ಬಹುಭಾಗವನ್ನು ಅವರೇ ಆಮೇಲೆ ಹೊಸದಾಗಿ ಮಾಡಿ 1999ರಲ್ಲಿ ಬಿಡುಗಡೆ ಮಾಡಿದರು ಎಂಬುದು ಬೇರೆ ಮಾತು. ಚಿತ್ರರಂಗದವರು ಎಲ್ಲೆಡೆ ಒಂದೇ ಜಾತಿ!

ಇಂಥದ್ದೇ ಇನ್ನೊಂದು, 2017ರ ಜನವರಿ 31ರದು. ಗಿಟ್‌ಲ್ಯಾಬ್ ಎಂಬ ಸಂಸ್ಥೆಯ ತಂತ್ರಜ್ಞರೊಬ್ಬರು ರಾತ್ರಿ ಬಹಳ ಹೊತ್ತಿನವರೆಗೆ ಕೆಲಸ ಮಾಡುತ್ತ, ಎರಡನೆಯ ಯಂತ್ರ ಎಂದುಕೊಂಡು ಮೊದಲನೆಯ ಯಂತ್ರದಲ್ಲಿ ದತ್ತಾಂಶವನ್ನು ಅಳಿಸಿದರು. ಒಂದೆರಡು ಸೆಕೆಂಡಿನಲ್ಲಿ ಅರಿವಾಗಿ ನಿಲ್ಲಿಸಿದರೂ ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು ನಾಲ್ಕೂವರೆ. ಸಂಸ್ಥೆಯಲ್ಲಿ ಬ್ಯಾಕಪ್ಪಿಗೆ ಐದು ವಿಧಾನಗಳಿದ್ದವು. ಬೇಕಾದಾಗ ಯಾವುದೂ ಒದಗಲಿಲ್ಲ. ಬ್ಯಾಕಪ್ ಆಗುತ್ತಿಲ್ಲ ಎಂದು ಎಚ್ಚರಿಸಬೇಕಾಗಿದ್ದ ಮಿಂಚಂಚೆಗಳು ಕೂಡ ದಾರಿಯಲ್ಲೇ ತಿರಸ್ಕೃತವಾಗುತ್ತಿದ್ದವು. ಬೇರಾವುದೋ ಕೆಲಸಕ್ಕೆಂದು ಆರು ಗಂಟೆಗಳ ಹಿಂದೆ ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿಯಿಂದ ಬಚಾವಾದರು. ಆ ಸಂಸ್ಥೆಯ ಬಗೆಗೆ ನನಗೆ ಗೌರವ ಇರುವುದು ಮುಂದೆ ಅವರು ನಡೆದುಕೊಂಡ ರೀತಿಗೆ. ಏನಾಯಿತೆಂದು ಗಂಟೆಗಂಟೆಗೂ ಬಹಿರಂಗವಾಗಿ ಬರೆದರು, ದುರಸ್ತಿ ಕೆಲಸವನ್ನು ನೇರ ಪ್ರಸಾರವನ್ನೇ ಮಾಡಿದರು. ನೇರ ಪ್ರಸಾರದ ಕಷ್ಟ ಬಲ್ಲವಳಾಗಿ ಹೇಳುತ್ತೇನೆ, ಅದಕ್ಕೆ ಗುಂಡಿಗೆ ಬೇಕು.

ಆ ಕೋಣೆಯ ಮಿತ್ರರು ಇದರಿಂದ ಕಲಿತ ಅಭ್ಯಾಸಗಳು ಬಹಳ ಸರಳ. ಮುಖ್ಯ ಯಂತ್ರದ ಪರದೆಯಲ್ಲಿ ಅದರ ಹೆಸರು ಕೆಂಪು ಬಣ್ಣದಲ್ಲಿ ಕಾಣುವಂತೆ ಮಾಡಿಟ್ಟಿದ್ದಾರೆ. ಅಳಿಸುವ ಮೊದಲು ಅದೇ ಸಾಲಿನಲ್ಲಿ ಆರ್‌ಎಂ ಬದಲು ಎಲ್‌ಎಸ್ ಎಂದು ಕೊಟ್ಟು, ಏನೇನು ಹೋಗಲಿದೆ ಎಂದು ಕಣ್ಣಾರೆ ನೋಡುತ್ತಾರೆ. ಶುಕ್ರವಾರ ಸಂಜೆ ಹೊಸದೇನನ್ನೂ ಮುಟ್ಟುವುದಿಲ್ಲ. ಇದೇನು ರಾಹುಕಾಲವೇ ಎಂದು ನಾನೊಮ್ಮೆ ಕೇಳಿದೆ. 'ಅಲ್ಲ ಮೇಡಂ, ಕೆಟ್ಟರೆ ಶನಿವಾರ ಸರಿಮಾಡೋಕೆ ಯಾರೂ ಇರಲ್ಲ' ಎಂದರು.

ಬ್ಯಾಕಪ್ಪಿನ ವಿಷಯ ಬಂತು. ಪೀಟರ್ ಕ್ರೋ ಎಂಬ ಛಾಯಾಗ್ರಾಹಕರು ಪ್ರಚಾರಕ್ಕೆ ತಂದ ಮೂರು-ಎರಡು-ಒಂದು ಎಂಬ ಸೂತ್ರವನ್ನು ಈ ವೃತ್ತಿಯವರೆಲ್ಲ ಒಪ್ಪಿಕೊಂಡಿದ್ದಾರೆ. ಒಟ್ಟು ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ. ಒಂದೇ ಪೆಟ್ಟಿಗೆಯಲ್ಲಿ ಜೋಡಿ ಡಿಸ್ಕುಗಳನ್ನು ಇಟ್ಟು, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ತಾನಾಗಿ ಬರೆಯಲ್ಪಡುವಂತೆ ಮಾಡುವುದುಂಟು, ಅದಕ್ಕೆ ರೈಡ್ ಎನ್ನುತ್ತಾರೆ. ಅದು ಡಿಸ್ಕು ಸತ್ತರೆ ಉಪಯೋಗಕ್ಕೆ ಬರುತ್ತದೆ. ಒಂದರಲ್ಲಿ ಅಳಿಸಿದರೆ ಇನ್ನೊಂದರಲ್ಲೂ ಅಳಿಸುತ್ತದೆ! ನಮ್ಮ ಮಾಧ್ಯಮದವರಿಗೆ ಈ ವಿಷಯದಲ್ಲಿ ಹಳೆಯ ಪಾಪಗಳಿವೆ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ದೃಶ್ಯದ ಮೂಲ ದತ್ತಾಂಶವಿದ್ದ ಟೇಪುಗಳನ್ನು ಅಳಿಸಿ ಮತ್ತೆ ಬಳಸಿಕೊಂಡಿರಬೇಕು ಎಂದು 2009ರಲ್ಲಿ ನಾಸಾ ಒಪ್ಪಿಕೊಂಡಿತು. ಪ್ರಸಾರವಾದ ಪ್ರತಿಗಳಿವೆ, ಅವುಗಳಿಗಿಂತ ಸ್ಪಷ್ಟವಾಗಿದ್ದ ಮೂಲ ಹೋಯಿತು. ನಾಸಾದ ಗತಿಯೇ ಹೀಗಾದರೆ, ಹಳ್ಳಿಯ ಜಗುಲಿಯ ಮೇಲೆ ಕುಳಿತು ಹಾಡಿದ ಸೋಬಾನೆ ಅಜ್ಜಿಯ ಒಂದೇ ಒಂದು ಧ್ವನಿಮುದ್ರಣದ ಗತಿಯೇನು? ಅಜ್ಜಿ ಈಗಿಲ್ಲ. ಮತ್ತೊಮ್ಮೆ ಹಾಡಿ ಎಂದು ಕೇಳುವ ಹಾಗಿಲ್ಲ. ಆದ್ದರಿಂದ ಬ್ಯಾಕಪ್ ಆಗಿದೆಯೇ ಎಂದು ನಾನೀಗ ಕೇಳುವುದಿಲ್ಲ. ಅದರಿಂದ ಒಂದು ಕಡತ ಹೊರತೆಗೆದು ಪ್ಲೇ ಮಾಡಿ ತೋರಿಸಿ ಎನ್ನುತ್ತೇನೆ. ಮಿತ್ರರಿಗೆ ಮೊದಮೊದಲು ಕಿರಿಕಿರಿಯಾಗುತ್ತಿತ್ತು. ಈಗ ತಾವೇ ಕರೆದು ತೋರಿಸುತ್ತಾರೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಎದುರಾಗುವ ಒಂದು ಸ್ವಾರಸ್ಯ ಹೇಳುತ್ತೇನೆ. ಕಡತಗಳಿಗೆ ಕನ್ನಡದಲ್ಲೇ ಹೆಸರಿಡಬೇಕೆಂಬುದು ನನ್ನ ಹಟ. ಲಿನಕ್ಸಿನಲ್ಲಿ ಅದಕ್ಕೇನೂ ಅಡ್ಡಿಯಿಲ್ಲ. ಡೆಬಿಯನ್ ಎಂಬ ಲಿನಕ್ಸ್ ಸಂಚಿಕೆಯಲ್ಲಿ ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನ ಕನ್ನಡ ಅಕ್ಷರಶೈಲಿಗಳೂ ಸಿಗುತ್ತವೆ. ಆದರೆ ಸಾಮಾನ್ಯವಾಗಿ ಬಳಸುವ ಕಡತ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ ಮಿತಿ 255 ಬೈಟು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೇಕು. ಒತ್ತು, ಗುಣಿತ, ಸೊನ್ನೆ ಎಲ್ಲವೂ ಬೇರೆ ಬೇರೆ ಸಂಕೇತ. 'ಸಂಕ್ರಾಂತಿ' ಎಂಬುದು ನಮ್ಮ ಕಣ್ಣಿಗೆ ಮೂರೇ ಅಕ್ಷರ. ಯಂತ್ರಕ್ಕೆ ಅದು ಒಂಬತ್ತು ಸಂಕೇತ, 27 ಬೈಟು. 85 ಸಂಕೇತಕ್ಕೆ ಹೆಸರು ಮುಗಿಯಬೇಕು. 'ಮಲೆನಾಡಿನ ಅಂಟಿಗೆ ಪಂಟಿಗೆ ಕಲಾವಿದರೊಂದಿಗೆ ಒಂದು ಸಂಜೆ' ಎಂದು ಶುರುಮಾಡಿ, ಅದಕ್ಕೆ ಭಾಗ, ದಿನಾಂಕ, ಸ್ಥಳ, ತಿದ್ದಿದ ಪ್ರತಿ, ಅಂತಿಮ ಪ್ರತಿ, ನಿಜವಾದ ಅಂತಿಮ ಪ್ರತಿ ಎಂದು ಬಾಲ ಜೋಡಿಸುತ್ತ ಹೋಗುವ ನಮ್ಮ ಪದ್ಧತಿಗೆ ಅಲ್ಲಿ ಕತ್ತರಿ ಬೀಳುತ್ತದೆ. ಹೆಸರು ಚಿಕ್ಕದಿರಲಿ, ವಿವರ ದಾಖಲೆ ಪುಸ್ತಕದಲ್ಲಿರಲಿ. ಹೆಸರಿನ ಮೊದಲಿಗೆ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಅಂಕಿ ಇಟ್ಟರೆ ಪಟ್ಟಿ ತಾನಾಗಿ ಕಾಲಾನುಕ್ರಮದಲ್ಲಿ ನಿಲ್ಲುತ್ತದೆ. ಪದಗಳ ನಡುವೆ ಖಾಲಿ ಜಾಗ ಬೇಡ, ಅಡಿಗೆರೆ ಹಾಕಿ. ಆಜ್ಞೆಯ ಸಾಲಿನಲ್ಲಿ 'ಕೋಲಾಟ ಭಾಗ 2' ಎಂದು ಬರೆದರೆ ಯಂತ್ರ ಅದನ್ನು ಮೂರು ಕಡತಗಳ ಹೆಸರೆಂದು ಓದುತ್ತದೆ.

ಇನ್ನೂ ಸೂಕ್ಷ್ಮವಾದದ್ದೊಂದಿದೆ. 'ಕೋ' ಎಂಬ ಅಕ್ಷರವನ್ನು ಕ ಮತ್ತು ಓತ್ವ ಎಂದು ಎರಡು ಸಂಕೇತಗಳಲ್ಲಿ ಇಡಬಹುದು. ಕ, ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಬಿಡಿಸಿ ನಾಲ್ಕರಲ್ಲಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ಅಕ್ಷರ. ಲಿನಕ್ಸ್ ಮಾತ್ರ ಬೈಟುಗಳನ್ನಷ್ಟೇ ನೋಡುವ ಕರಣಿಕ. ಅದಕ್ಕೆ ಇವೆರಡೂ ಬೇರೆ. ಹೀಗಾಗಿ ಒಂದೇ ಕೋಶದಲ್ಲಿ 'ಕೋಲಾಟ' ಎಂಬ ಎರಡು ಕಡತಗಳು ಅಣ್ಣತಮ್ಮಂದಿರಂತೆ ಪಕ್ಕಪಕ್ಕದಲ್ಲಿ ಕುಳಿತಿರುವುದು ಸಾಧ್ಯ. ಹುಡುಕಿದರೆ ಒಂದೇ ಸಿಗುತ್ತದೆ. ಬೇರೆ ಬಗೆಯ ಯಂತ್ರದಿಂದ ಬಂದ ಕಡತಗಳಲ್ಲಿ ಹೀಗಾಗುವುದು ಹೆಚ್ಚು. ಮಿತ್ರರು ಇದಕ್ಕೆಂದೇ, ಹೊರಗಿನಿಂದ ಬಂದ ಹೆಸರುಗಳನ್ನೆಲ್ಲ ಒಂದೇ ರೂಪಕ್ಕೆ ತರುವ ಪುಟ್ಟ ತಂತ್ರಾಂಶವೊಂದನ್ನು ಬರೆದಿಟ್ಟಿದ್ದಾರೆ. ಅಂದಹಾಗೆ, ಕನ್ನಡವೂ ಸೇರಿ ಜಗತ್ತಿನ ಲಿಪಿಗಳನ್ನೆಲ್ಲ ಹೀಗೆ ಬೈಟುಗಳಲ್ಲಿ ಕಟ್ಟುವ ಯುಟಿಎಫ್-8 ಎಂಬ ಪದ್ಧತಿಯನ್ನು ರೂಪಿಸಿದವರು ಅದೇ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್. 1992ರ ಸೆಪ್ಟೆಂಬರಿನ ಒಂದು ರಾತ್ರಿ, ನ್ಯೂಜೆರ್ಸಿಯ ಹೋಟೆಲೊಂದರಲ್ಲಿ, ಊಟದ ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಅದರ ಮೊದಲ ರೂಪ ಬಿತ್ತು.

ಕಾಲದ ವಿಷಯದಲ್ಲೂ ಎಚ್ಚರ ಬೇಕು. ನಿಗದಿತ ಹೊತ್ತಿಗೆ ಕೆಲಸ ಮಾಡಿಸಲು ಕ್ರಾನ್ ಎಂಬ ಅಲಾರಂ ಇದೆ. ರಾತ್ರಿ ಎರಡಕ್ಕೆ ಪ್ರತಿ ತೆಗೆ ಎಂದರೆ ತೆಗೆಯುತ್ತದೆ. ಯಾರ ರಾತ್ರಿ ಎರಡು? ಯಂತ್ರದ ಗಡಿಯಾರ ಜಾಗತಿಕ ಸಮಯದಲ್ಲಿದ್ದರೆ ಅದು ನಮ್ಮ ಬೆಳಗಿನ ಏಳೂವರೆ. ಎಲ್ಲರೂ ಕೆಲಸಕ್ಕೆ ಕೈ ಹಾಕುವ ಹೊತ್ತಿಗೆ ಯಂತ್ರ ಏದುಸಿರು ಬಿಡತೊಡಗುತ್ತದೆ. ಲಿನಕ್ಸಿನ ಕಾಲಗಣನೆ ಶುರುವಾಗುವುದು 1970ರ ಜನವರಿ 1ರಿಂದ, ನಮ್ಮ ಲೆಕ್ಕದಲ್ಲಿ ಅಂದು ಬೆಳಗಿನ ಐದೂವರೆಯಿಂದ. ಅಂದಿನಿಂದ ಎಷ್ಟು ಸೆಕೆಂಡು ಕಳೆಯಿತು ಎಂಬ ಒಂದೇ ಸಂಖ್ಯೆ. ಹಳೆಯ 32 ಬಿಟ್ಟಿನ ಯಂತ್ರಗಳಲ್ಲಿ ಆ ಸಂಖ್ಯೆ ಬರೆಯುವ ಜಾಗ 2038ರ ಜನವರಿ 19, ಮಂಗಳವಾರ, ನಮ್ಮ ಬೆಳಗಿನ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬುತ್ತದೆ. ಮರುಕ್ಷಣ ಅವು 1901ರ ಡಿಸೆಂಬರಿಗೆ ಹಾರುತ್ತವೆ. ಈಗಿನ 64 ಬಿಟ್ಟಿನ ಯಂತ್ರಗಳಿಗೆ ಈ ತೊಡಕಿಲ್ಲ. 32 ಬಿಟ್ಟಿನವಕ್ಕೂ 2020ರಲ್ಲಿ ಬಂದ 5.6ನೆಯ ಆವೃತ್ತಿಯಲ್ಲಿ ಪರಿಹಾರ ಸೇರಿತು. ಆದರೆ ಯಾವುದೋ ಗೋಡೆಯೊಳಗೆ, ಯಾವುದೋ ಮೀಟರಿನೊಳಗೆ ಕುಳಿತಿರುವ ಹಳೆಯ ಚಿಪ್ಪಿಗೆ ಹೊಸ ಆವೃತ್ತಿ ಹಾಕುವವರು ಯಾರು? ಅಂದು ನಾನು ನಿವೃತ್ತಿಯ ಅಂಚಿನಲ್ಲಿರುತ್ತೇನೆ. ಆ ಬೆಳಗಿನ ಪ್ರಸಾರದ ಪಾಳಿ ನನ್ನದಾಗದಿರಲಿ!

ನೀರುಗಂಟಿಯ ಕಿವಿ ಹೇಗಿರಬೇಕೆಂಬುದಕ್ಕೆ ಒಂದು ನಿದರ್ಶನ ಹೇಳದೆ ಮುಂದೆ ಹೋಗಲಾರೆ. 2024ರ ಮಾರ್ಚ್. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು ಮೈಕ್ರೋಸಾಫ್ಟಿನಲ್ಲಿದ್ದುಕೊಂಡು ಪೋಸ್ಟ್‌ಗ್ರೆಸ್ ಎಂಬ ಮುಕ್ತ ತಂತ್ರಾಂಶದ ವೇಗ ಅಳೆಯುತ್ತಿದ್ದರು. ದೂರದ ಯಂತ್ರಕ್ಕೆ ಪ್ರವೇಶಿಸಲು ಬಳಸುವ ಎಸ್‌ಎಸ್‌ಎಚ್ ಎಂಬ ಬಾಗಿಲು ಎಂದಿಗಿಂತ ಸುಮಾರು ಅರ್ಧ ಸೆಕೆಂಡು ತಡವಾಗಿ ತೆರೆಯುತ್ತಿದೆ ಎನ್ನಿಸಿತು. ಅರ್ಧ ಸೆಕೆಂಡು! ನೀವು ನಾವಾಗಿದ್ದರೆ ನೆಟ್‌ವರ್ಕ್ ನಿಧಾನ ಎಂದುಕೊಂಡು ಕಾಫಿಗೆ ಏಳುತ್ತಿದ್ದೆವು. ಅವರು ಜಾಡು ಹಿಡಿದು ಹೋದರು. ಎಕ್ಸ್‌ಝಡ್ ಎಂಬ, ಕಡತಗಳನ್ನು ಸಂಕುಚಿಸುವ ಪುಟ್ಟ ತಂತ್ರಾಂಶದ ಎರಡು ಹೊಸ ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ಗುಟ್ಟಿನ ಕೀಲಿ ಇದ್ದವರು ಅಂಥ ಯಂತ್ರದೊಳಗೆ ನುಗ್ಗಿ ಬೇಕಾದ ಆಜ್ಞೆ ನಡೆಸಬಹುದಿತ್ತು.

ಆ ತಂತ್ರಾಂಶವನ್ನು ವರ್ಷಗಳಿಂದ ನೋಡಿಕೊಳ್ಳುತ್ತಿದ್ದವರು ಬಹುಮಟ್ಟಿಗೆ ಒಬ್ಬರೇ, ಲಾಸ್ಸೆ ಕಾಲಿನ್, ಸಂಬಳವಿಲ್ಲದ ಸ್ವಯಂಸೇವಕ. ಅವರು ದಣಿದಿದ್ದ ಕಾಲದಲ್ಲಿ ಜಿಯಾ ಟಾನ್ ಎಂಬ ಹೆಸರಿನವನೊಬ್ಬ ಸಹಾಯಕ್ಕೆ ಬಂದ. ಎರಡು ವರ್ಷಕ್ಕೂ ಮಿಕ್ಕಿ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿದ. ತಿದ್ದುಪಡಿಗಳು ತಡವಾಗುತ್ತಿವೆ, ಜವಾಬ್ದಾರಿ ಬೇರೆಯವರಿಗೆ ಕೊಡಿ ಎಂದು ಮತ್ತೆ ಕೆಲವು ಅಪರಿಚಿತ ಹೆಸರುಗಳು ಒತ್ತಾಯ ಹಾಕಿದವು. ಬೀಗದ ಕೈ ಸಿಕ್ಕ ಮೇಲೆ ಅವನು ಬಿಲ ತೋಡಿದ. ಮಾರ್ಚ್ 29ರಂದು ಫ್ರಾಯಿಂಡ್ ಎಲ್ಲವನ್ನೂ ಬಹಿರಂಗಪಡಿಸಿದಾಗ ಆ ಆವೃತ್ತಿಗಳು ಪ್ರಮುಖ ಲಿನಕ್ಸ್ ಸಂಚಿಕೆಗಳ ಪರೀಕ್ಷಾ ರೂಪಗಳಿಗೆ ಬಂದಿದ್ದವು, ಡೆಬಿಯನ್ನಿನ ಸ್ಥಿರ ಆವೃತ್ತಿಗೆ ಇನ್ನೂ ಇಳಿದಿರಲಿಲ್ಲ. ಕಾಲುವೆಗೆ ಬಂದಿದ್ದ ವಿಷ ಗದ್ದೆಗೆ ಹರಿಯುವ ಮೊದಲು ತೂಬು ಇಳಿಯಿತು. ಎಲ್ಲರೂ ಓದಬಹುದಾದ ತಂತ್ರಾಂಶವಾದ್ದರಿಂದಲೇ ಫ್ರಾಯಿಂಡ್ ಬಿಲದ ಬಾಯಿಯವರೆಗೆ ಹೋಗಲು ಸಾಧ್ಯವಾಯಿತು. ಅಷ್ಟೊಂದು ಸಂಸ್ಥೆಗಳು ಬಳಸುವ ವಸ್ತುವಿಗೆ ಒಬ್ಬನೇ ಕಾವಲುಗಾರ, ಅವನಿಗೂ ಸುಗ್ಗಿಯಲ್ಲಿ ಪಾಲಿಲ್ಲ ಎಂಬುದು ನನ್ನನ್ನು ಈಗಲೂ ಕಾಡುತ್ತದೆ. ನಮ್ಮ ಹಳ್ಳಿಗಳು ನೀರುಗಂಟಿಗೆ ಒಂದಿಷ್ಟು ರಾಗಿಯನ್ನಾದರೂ ಅಳೆದು ಕೊಡುತ್ತಿದ್ದವು.

ಮನೆಯಲ್ಲಿರುವ ನಿಮಗೆ ಇದರಲ್ಲಿ ಏನು ಉಪಯೋಗ ಎಂದು ಕೇಳಬಹುದು. ಮಗಳ ಮದುವೆಯ ವಿಡಿಯೋ, ತಂದೆಯವರ ಧ್ವನಿ, ಹೊಲದ ಪಹಣಿಯ ಪ್ರತಿ, ಎಲ್ಲ ಒಂದೇ ಪೆನ್‌ಡ್ರೈವಿನಲ್ಲಿಟ್ಟು ದೇವರ ಮನೆಯ ಕಪಾಟಿನಲ್ಲಿ ಇಟ್ಟಿರುವವರು ಎಷ್ಟೋ ಮಂದಿ. ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ ಪೆನ್‌ಡ್ರೈವಿನಲ್ಲಿರುವುದು ಮಸುಕಾಗಿ ಹೋಗಬಹುದು. ಒಂದು ಪ್ರತಿ ಬೇರೆ ಡಿಸ್ಕಿನಲ್ಲಿರಲಿ, ಇನ್ನೊಂದು ತವರುಮನೆಯಲ್ಲೋ ಬೇರೆ ಊರಿನ ತಮ್ಮನ ಮನೆಯಲ್ಲೋ ಇರಲಿ. ಡಿಸ್ಕಿನ ಮೇಲೆ ಒಳಗೇನಿದೆ, ಯಾವ ವರ್ಷದ್ದು ಎಂದು ಚೀಟಿ ಅಂಟಿಸಿ. ಆಯುಧಪೂಜೆಯ ದಿನ ಸ್ಕೂಟರು, ಮಿಕ್ಸಿ ಎಲ್ಲಕ್ಕೂ ಕುಂಕುಮ ಇಡುತ್ತೀರಲ್ಲ, ಅಂದು ಆ ಡಿಸ್ಕನ್ನೂ ಗಣಕಕ್ಕೆ ಜೋಡಿಸಿ ಎರಡು ಮೂರು ಕಡತಗಳನ್ನು ತೆರೆದು, ಕೊನೆಯವರೆಗೂ ಓಡಿಸಿ ನೋಡಿ. ಓಡಿಸುವಾಗ ಒಳಗಿನಿಂದ ಕಟಕಟ ಸದ್ದು ಬಂದರೆ ಮತ್ತೆ ಮತ್ತೆ ಪ್ರಯತ್ನಿಸಬೇಡಿ, ಕುಲುಕಬೇಡಿ. ಆರಿಸಿ, ಬಟ್ಟೆಯಲ್ಲಿ ಸುತ್ತಿ, ದತ್ತಾಂಶ ತೆಗೆದುಕೊಡುವ ಬಲ್ಲವರ ಬಳಿಗೆ ಹಾಗೆಯೇ ಒಯ್ಯಿರಿ. ಅಷ್ಟರಲ್ಲಿ ತಮ್ಮನಿಗೊಂದು ಫೋನು ಮಾಡಿ, ಅವನ ಮನೆಯ ಪ್ರತಿ ತೆರೆದುಕೊಳ್ಳುತ್ತದೆಯೇ ಎಂದು ಕೇಳಿ.